ದಿನಕ್ಕೆ ಮೂವತ್ತು ಕರೆಯೋಲೆ

ಗದಗ-ಬೆಟಗೇರಿ
ಸೋಮವಾರ, ೧೦ ಜೂನ್ ೨೦೨೪

ಸಿಟ್ಟಾಗಿರುವ ದೊಡ್ಡಪ್ಪನಿಗೆ, ಕಾಲು ಹಿಂದಕ್ಕೆ ಎಳೆದುಕೊಳ್ಳದಿದ್ದರೆ, ಹೊನ್ನೇಶನ ನಮಸ್ಕಾರಗಳು.

ಮೊಣಕಾಲು ನೋವು ಹೇಗಿದೆ? ದೊಡ್ಡವ್ವ ಕೊಟ್ಟ ಕಷಾಯವನ್ನು ಬೇವಿನ ಗಿಡದ ಬುಡಕ್ಕೆ ಚೆಲ್ಲಬೇಡಿರಿ. ಆ ಗಿಡಕ್ಕೆ ಮೊಣಕಾಲಿಲ್ಲ.

ನಿನ್ನೆ ತಂಗಿ ಮಂಜುಳಾಳ ನಿಶ್ಚಯಕ್ಕೆ ನೀವು ಬರಲಿಲ್ಲ, ಫೋನೂ ಎತ್ತಲಿಲ್ಲ. “ಕರೀದ ಮನಿಗೆ ಹೋಗಾಕ ನಾ ಏನ್ ಬಿಟ್ಟಿ ಬಿದ್ದೇನೇನು?” ಎಂದಿರಂತೆ. ನಿಮ್ಮ ನೆರೆಮನೆಯ ಯಮನೂರಸಾಬರು ಇಂದು ಇಲ್ಲಿಗೆ ಬಂದಾಗ ಹೇಳಿದರು. ದೊಡ್ಡಪ್ಪಾ, ಅಪ್ಪ ಕರೆದಿದ್ದ. ತಡೆದಿಟ್ಟವನು ನಾನು.

ನಾನು ನೋಡಿಕೊಳ್ಳುವ ಬೀಜ ಬೆಳೆಗಾರರ ಸಂಘದ ಮೇಲ್ ಸರ್ವರ್ ನಿಮಗೆ ಗೊತ್ತೇ ಇದೆ. ನೀವೂ ಅಪ್ಪನೂ ಅದರ ಸದಸ್ಯರು. ಹೋದ ತಿಂಗಳು ಯಾವನೋ ಕಳ್ಳ ಒಬ್ಬ ಸದಸ್ಯರ ಪಾಸ್‌ವರ್ಡ್ ಕದ್ದು, ನಮ್ಮ ಹೆಸರಿನಲ್ಲಿ ಲೋಕಕ್ಕೆಲ್ಲ ಸುಳ್ಳು ಲಾಟರಿಯ ಮೇಲ್ ಹಂಚಿದ. ಹೊರಗಿನ ಮೇಲ್ ಕಂಪನಿಗಳು ಸಂಘಕ್ಕೇ ಬಹಿಷ್ಕಾರ ಹಾಕಿದವು. ಅವರ ಕೈಕಾಲು ಹಿಡಿದು ಬಿಡಿಸಿಕೊಂಡು, ಬಾಗಿಲಿಗೆ ಕಾವಲಾಗಿ ಒಂದು ಸಣ್ಣ ಪ್ರೋಗ್ರಾಂ ಬರೆದು ಕೂರಿಸಿದೆ. ಅದಕ್ಕೆ ಡೀಮನ್ ಎನ್ನುತ್ತಾರೆ. ಕಣ್ಣಿಗೆ ಕಾಣದೆ ಸದಾ ದುಡಿಯುತ್ತದೆ, ಸಂಬಳ ಕೇಳುವುದಿಲ್ಲ, ಬುದ್ಧಿಯೂ ಇಲ್ಲ. ಒಬ್ಬ ಸದಸ್ಯರು ದಿನಕ್ಕೆ ಕಳಿಸಬಹುದಾದದ್ದು ಮೂವತ್ತೇ ಪತ್ರ. ಮಿಕ್ಕಿದ್ದು ನಾಳೆಯ ಸಾಲಿಗೆ.

ನಿಶ್ಚಯದ ಕರೆಯೋಲೆಯನ್ನು ಎಲ್ಲರಿಗೂ ಸೇರಿಸಿ ಒಂದೇ ಮೇಲ್‌ನಲ್ಲಿ ಕಳಿಸೆಂದರೆ ಅಪ್ಪ ಕೇಳಬೇಕಲ್ಲ? “ಎಲ್ಲಾರ್ನೂ ಒಮ್ಮೆಲೇ ಕರದ್ರ ಅದು ಡಂಗುರ ಆಕ್ಕೈತಲೇ!” ಎಂದು ಬುಧವಾರ ಕೂತು, ಹೆಸರು ಹಿಡಿದು ನೂರಾನಲವತ್ತು ಮನೆಗೆ ನೂರಾನಲವತ್ತು ಪತ್ರ ಬರೆದ. “ಅಣ್ಣಗ ಸಾವಕಾಶ ಬರೀಬೇಕು” ಎಂದು ನಿಮ್ಮದನ್ನು ಕಡೆಗಿಟ್ಟುಕೊಂಡ. ನಾನು ಪೆಂಡಾಲಿನ ಗಡಿಬಿಡಿಯಲ್ಲಿದ್ದೆ. ನನ್ನ ಕಾವಲುಗಾರ ದಿನಕ್ಕೆ ಮೂವತ್ತರಂತೆ ಬಿಡುತ್ತ, ಭಾನುವಾರ ಬೆಳಗಾದರೂ ನಿಮ್ಮದನ್ನು ಸಾಲಿನಲ್ಲೇ ನಿಲ್ಲಿಸಿತ್ತು. ಉಳಿದವರು ಬಾಯಿಮಾತಿಗೇ ಬಂದರು. ನೀವು ಆ ಪೈಕಿಯಲ್ಲ. ಇಷ್ಟಾಗಿಯೂ ಕಳ್ಳನಾದರೂ ಸಿಕ್ಕನೇ? ಶನಿವಾರ ಒಂದೇ ಪತ್ರದ ಮೇಲೆ ಐನೂರು ವಿಳಾಸ ಹಚ್ಚಿಕೊಂಡು ಬಂದ. ನನ್ನ ಡೀಮನ್ ಅದನ್ನು ‘ಒಂದು’ ಎಂದೆಣಿಸಿ, ಮಹಾರಾಜರಿಗೆ ದಾರಿ ಬಿಟ್ಟಂತೆ ಬಿಟ್ಟಿತು! ಸಂಘಕ್ಕೆ ಮತ್ತೆ ಬಹಿಷ್ಕಾರ. ಹಣೆ ಚಚ್ಚಿಕೊಳ್ಳೋಣವೆಂದರೆ ಎದುರಿಗಿರುವ ಕಂಪ್ಯೂಟರೂ ಸಂಘದ್ದು.

ದೊಡ್ಡವ್ವನಿಗೆ ನಮಸ್ಕಾರ ತಿಳಿಸಿರಿ. ನನ್ನನ್ನು ಮನಸಾರೆ ಬೈದು, ಅಪ್ಪನನ್ನು ಬಿಟ್ಟುಬಿಡಿರಿ.

ನಿಮ್ಮ ಅತಿಬುದ್ಧಿವಂತ ಮಗ,
ಹೊನ್ನೇಶ

ತಾ.ಕ.: ಈ ಪತ್ರ ಒಯ್ಯಲಿರುವ ಯಮನೂರಸಾಬರು ಬಸ್ಸಿಗೆ ಅವಸರ ಮಾಡುತ್ತಿದ್ದಾರೆ. ನಿಶ್ಚಯ ಆಗಿಲ್ಲ. ಗಂಡಿನವರು ಎಲೆ ಅಡಿಕೆಯ ತಟ್ಟೆ ಹಿಡಿದು ನಿಂತರೂ ಅಪ್ಪ, “ನಮ್ಮಣ್ಣ ಬರೂತನಾ ನಾ ಕೈ ಹಚ್ಚಂಗಿಲ್ರಿ” ಎಂದುಬಿಟ್ಟ. ಅವರು ಊಟ ಮಾಡಿ ಹೋದರು; ಗುರುವಾರದವರೆಗೆ ಕಾಯುತ್ತಾರಂತೆ. ನಾಳೆ ಮೊದಲ ಬಸ್ಸಿಗೆ ಅಪ್ಪನೂ ನಾನೂ ಕುಂಕುಮ ಅಕ್ಷತೆ ಹಿಡಿದು ನಿಮ್ಮೂರು ಡೋಣಿಗೆ ಬರುತ್ತೇವೆ. ಹೊಲಕ್ಕೆ ಹೋಗಿಬಿಡಬೇಡಿರಿ. ಮಂಜುಳಾಗೆ ಆ ಹುಡುಗ ಮನಸ್ಸಿಗೆ ಬಂದಿದ್ದಾನೆ, ದೊಡ್ಡಪ್ಪಾ.