ತೀರ್ಥಮ್ಮನ ಆಟ

ಅಜ್ಜಂಪುರ
೧೭-೧೧-೨೦೨೪, ಭಾನುವಾರ

ಪ್ರೀತಿಯ ಚಿಕ್ಕಜ್ಜೀ,

ಮಂಡಿನೋವು ಹೇಗಿದೆ? ಚೌಳಹಿರಿಯೂರಿನಲ್ಲಿ ಅತ್ತೆ ದಿನಾ ಎಣ್ಣೆ ತಿಕ್ಕುತ್ತಾರೆ ತಾನೆ? ಕಣ್ಣಿನ ಆಪರೇಷನ್ ಆದಮೇಲೆ ಪೇಪರನ್ನೂ ನೀನೇ ಓದುತ್ತೀಯಂತೆ, ಸಂತೋಷ. ಫೋನಿನಲ್ಲಿ ಚೌಕಾಬಾರದ ಹೆಸರೆತ್ತಿದರೆ ಸಾಕು, ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಕೊನೆತನಕ ಓದಬೇಕು.

ನಾನು ಗೇಮ್ ಪ್ರೋಗ್ರಾಮಿಂಗ್ ಕಲಿಯುತ್ತಿದ್ದೇನೆ. ಕಲ್ಲೇಶಣ್ಣನ ಹಳೇ ಲ್ಯಾಪ್‌ಟಾಪು, ಯೂಟ್ಯೂಬಿನ ಪಾಠ, ನನ್ನ ಅರೆಬರೆ ಬುದ್ಧಿ. ಪಾಠದವರು ಬಂದೂಕಿನ ಆಟ ಮಾಡು ಅಂದರು. ನನಗೆ ಗೊತ್ತಿದ್ದದ್ದು ನೀನೂ ಅಜ್ಜಿಯೂ ಜಗಲಿಯ ಮೇಲೆ ಆಡುತ್ತಿದ್ದ ಚೌಕಾಬಾರ. ಮೊದಲ ದಿನ ನನ್ನ ಕಾಯಿ ತಿರುಗಬೇಕಾದ ಕಡೆ ತಿರುಗದೆ, ನೆಟ್ಟಗೆ ನಡೆದು ಸ್ಕ್ರೀನಿನಿಂದಲೇ ಆಚೆ ಹೋಯಿತು. "ನಿನ್ ಕಾಯಿ ಬೀರೂರ್ ರೈಲು ಹತ್ಬಿಡ್ತು ಕಣೇ" ಎಂದು ಅಜ್ಜಿ ನಕ್ಕಳು. ನೀನು ಹೋದಮೇಲೆ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. ಆಮೇಲೆ ಕವಡೆ ಎಸೆದಾಗಲೆಲ್ಲ ಬರೀ ಎಂಟೇ ಬೀಳತೊಡಗಿತು. ತಪ್ಪು ಹುಡುಕಿ ಸರಿಮಾಡಿದಾಗ ಕುಣಿದುಬಿಟ್ಟೆ, ಚಿಕ್ಕಜ್ಜೀ! ಈಗ ಎದುರು ಕೂತು ಕಂಪ್ಯೂಟರೇ ಆಡುತ್ತದೆ.

ಆದರೆ ಅದಕ್ಕೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಮಾತು ಆಗದು. ಎದುರಿನವರ ಕಾಯಿ ಒಂದನ್ನಾದರೂ ಕಡಿಯದೆ ಒಳಗಿನ ಮನೆಗಳಿಗೆ ಹೋಗಬಹುದೋ, ಇಲ್ಲವೋ? ಅಜ್ಜಿ ಇಲ್ಲವೇ ಇಲ್ಲ ಅನ್ನುತ್ತಾಳೆ. "ಅಮೃತಾಪುರದಾಗೆ ನಮ್ ತವರಲ್ಲಿ ಹೋಗ್ತಿದ್ವಿ" ಅಂತ ನೀನು. ವಾರಗಿತ್ತಿಯರಿಬ್ಬರೂ ಇಷ್ಟಕ್ಕೇ ಜಗಳವಾಡಿ, ನೀನು ಕವಡೆಗಳನ್ನು ಸೆರಗಿಗೆ ಗಂಟುಕಟ್ಟಿಕೊಂಡು ಮಗಳ ಮನೆಗೆ ಹೊರಟು ವರ್ಷವಾಗುತ್ತ ಬಂತು. ನಾನು ಯಾರ ಪರ ವಹಿಸಲಿ? ಶುರುವಿನಲ್ಲೇ ಎರಡು ಬಟನ್ ಇಟ್ಟೆ: ಅಜ್ಜಿಯದು ಕಲ್ಲಮ್ಮನ ಆಟ, ನಿನ್ನದು ತೀರ್ಥಮ್ಮನ ಆಟ. ನಿನ್ನ ಹೆಸರು ಕಂಡು ಅಜ್ಜಿ ಮುಖ ತಿರುಗಿಸಿದಳು. ನನಗೆ ಅಳುವೇ ಬಂತು. ನೀವಿಬ್ಬರೂ ಕೂರದ ಜಗಲಿ ನೋಡಲು ಬೇಜಾರು.

ಅತ್ತೆಗೆ, ಮಾವನಿಗೆ ನನ್ನ ನಮಸ್ಕಾರ ಹೇಳು. ಚಳಿಯಲ್ಲಿ ಬರಿಗಾಲಲ್ಲಿ ಓಡಾಡಬೇಡ.

ನಿನ್ನ ಮುದ್ದಿನ
ತನುಜಾ

ತಾ.ಕ.: ಕಾಗದ ಅಂಟಿಸಲು ಗೋಂದು ಹುಡುಕುತ್ತ ನಡುಮನೆಗೆ ಬಂದರೆ, ಅಜ್ಜಿ ಒಬ್ಬಳೇ ಲ್ಯಾಪ್‌ಟಾಪಿನ ಮುಂದೆ! ಒತ್ತಿರುವುದು ನಿನ್ನ ಬಟನ್. ಅವಳ ಕಾಯಿ ಯಾರನ್ನೂ ಕಡಿಯದೆ ಒಳಗೆ ಹೋಗಿ ಕೂತಿದೆ. ನನ್ನನ್ನು ಕಂಡವಳೇ, "ಇದ್ರಾಗೆ ಕವಡೆ ಸದ್ದೇ ಇಲ್ಲ ಕಣೇ. ಅವಳ್ನೇ ಬರಾಕ್ ಹೇಳು, ಅವಳ್ ಹೇಳ್ದಂಗೇ ಆಡಾನ" ಎಂದಳು. ಜಗಲಿ ತೊಳೆದು ಮನೆ ಬರೆದಿದ್ದೇನೆ. ಬರುವಾಗ ಕವಡೆ ಮರೆಯಬೇಡ.