ಸಾವಿರ ವ್ಯಾಟಿಗೆ ಸಹಿ ಇಲ್ಲ

ಕಾರ್ಖಾನೆಯ ಒಡೆಯರೂ ನನ್ನ ಸೋದರಮಾವನವರೂ ಆದ ಮಹಾಮಹಿಮರಲ್ಲಿ ಪರೀಕ್ಷಕನ ಸಾಷ್ಟಾಂಗ ವಿಜ್ಞಾಪನೆ.

ನಮ್ಮ ಗಾಳಿಯಂತ್ರದ ಜನರೇಟರ್ ಮಂದಗಾಳಿಗೂ ಸಾವಿರ ವ್ಯಾಟ್ ಕೊಡುತ್ತದೆಂಬ ಪ್ರಮಾಣಪತ್ರಕ್ಕೆ ನಾನು ಸಹಿ ಹಾಕುವುದಿಲ್ಲ. ಆ ಸಾವಿರ ಬಂದದ್ದು ನೀವು ಅದಕ್ಕೆ ಡ್ರಿಲ್ ಮಷೀನ್ ಸಿಕ್ಕಿಸಿ ನಿಮಿಷಕ್ಕೆ ಆರುನೂರು ಸುತ್ತು ತಿರುಗಿಸಿದಾಗ. ನಿನ್ನೆ ರೆಕ್ಕೆ ಕಟ್ಟಿ ತಾರಸಿಯಲ್ಲಿಟ್ಟೆ. ಮಂದಗಾಳಿಗೆ ನೂರಿಪ್ಪತ್ತು ಸುತ್ತು, ಬರೀ ನಲವತ್ತು ವ್ಯಾಟ್.

"ಲೋ ತರಲೆ, ರೆಕ್ಕೆ ತಿರುಗಿದ್ರೆ ಸಾಕು, ವ್ಯಾಟ್ ಯಾರೋ ಎಣಿಸ್ತಾರೆ?" ಅಂದಿರಿ. ಇದನ್ನು ಕೊಳ್ಳಲಿರುವ ಗುಡ್ಡದ ಆಸ್ಪತ್ರೆಯ ಲಸಿಕೆ ಫ್ರಿಜ್ ಎಣಿಸುತ್ತದೆ, ಮಾವ.

ನಾಳೆ ಹತ್ತಕ್ಕೆ ಅಲ್ಲಿನ ನರ್ಸಮ್ಮನನ್ನು ತಾರಸಿಗೆ ಕರೆದಿದ್ದೇನೆ. ಮೀಟರನ್ನು ಅವರ ಕೈಗೇ ಕೊಡುತ್ತೇನೆ. ನನ್ನನ್ನು ಕೆಲಸದಿಂದ ಕಿತ್ತೊಗೆಯುವ ಶುಭಕಾರ್ಯವನ್ನು ದಯಮಾಡಿ ಹನ್ನೊಂದರ ಮೇಲೆ ಇಟ್ಟುಕೊಳ್ಳಿ.

ಆಜ್ಞೆ ಮೀರಿದ,
ನಿಮ್ಮ ಅಕ್ಕನ ಮಗ