ಮಾವಿನಹಣ್ಣಿನ ಕಂಬಳಿ

ಪಾಪಿನಾಯಕನಹಳ್ಳಿ
ಮೇ ೧೪, ೨೦೦೬

ನನ್ನ ಬಂಗಾರದಂಥ ಮಗಳು ಸುಮಲತಾಗೆ,

ನಿನ್ನ ಅವ್ವನ ಆಶೀರ್ವಾದಗಳು. ಹೇಗಿದ್ದೀಯವ್ವ? ಕಾಲಿನ ಬಾವು ಇಳಿಯಿತೇ? ಅಳಿಯಂದಿರು ಕನಕರಾಜ್ ಅವರ ಕೆಮ್ಮು ಹೇಗಿದೆ? ನಿಮ್ಮತ್ತೆ ಮುದುಕಮ್ಮನವರ ಮೊಣಕಾಲಿಗೆ ಗೋವಾದ ಹವೆ ಆಗಿಬಂತೇ? ಹೊಟ್ಟೆಯೊಳಗಿನದಕ್ಕೆ ಇನ್ನೂ ಹೆಸರಿಲ್ಲ, ಅದನ್ನೂ ಕೇಳಿದೆನೆಂದು ಹೇಳು. ನಾನು, ನಿಮ್ಮಪ್ಪ ಚೆನ್ನಾಗಿದ್ದೇವೆ. ಫೋನಿನಲ್ಲಿ ನಿನ್ನ ದನಿಗಿಂತ ನಮ್ಮ ರಸ್ತೆಯ ಅದಿರಿನ ಲಾರಿ ಸದ್ದೇ ಹೆಚ್ಚು ಕೇಳುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ನಾನೇ ಕಲಿತದ್ದು, ತಪ್ಪಿದ್ದರೆ ನಗಬೇಡ. ನಕ್ಕರೂ ಅಡ್ಡಿಯಿಲ್ಲ, ನಿನ್ನ ನಗು ಕೇಳಿ ಬಹಳ ದಿನವಾಯಿತು.

ಹೋದ ವಾರ ನೀನು, "ಅವ್ವಾ, ಕಾಬ್ಲರ್ ಬೇಕು ಅನಸಾಕತ್ತೈತಿ" ಅಂದೆಯಲ್ಲ, ನನಗೆ ಕೇಳಿಸಿದ್ದು ಕಂಬಳಿ ಎಂದು. ಈ ಬಿಸಿಲಲ್ಲಿ ಬಸುರಿಗೆ ಕಂಬಳಿ ಯಾಕೆ, ಚಳಿಜ್ವರ ಬಂತೇ ಎಂದು ಗಾಬರಿಯಾದೆ. ಆಮೇಲೆ ನೀನೇ ಬಿಡಿಸಿ ಹೇಳಿದೆ. ಮದುವೆಗೆ ಮುಂಚೆ ಹಂಪಿಯ ಗೆಸ್ಟ್ ಹೌಸಿನ ಅಡುಗೆಮನೆಯಲ್ಲಿ ನೀನು ಕೆಲಸಕ್ಕಿದ್ದಾಗ ಒಬ್ಬ ವಿದೇಶಿ ಅಮ್ಮ ಕಲಿಸಿದ ತಿಂಡಿಯಂತೆ, "ಕೆಳಗ ಮಾವಿನಹಣ್ಣು, ಮ್ಯಾಲ ಬಿಸ್ಕತ್ತು." ನಿಮ್ಮಪ್ಪನಿಗೆ ಮಾತ್ರ ಅದು ಇಂದಿಗೂ ಕಂಬಳಿಯೇ. ಇಲ್ಲಿಗೇ ಬಾ, ಮಾಡಿಕೊಡುತ್ತೇನೆ ಎಂದರೆ ನೀನು, "ಬಸುರಿ ಕುಬಸಕ್ಕೂ ಬರಂಗಿಲ್ಲ, ಬಾಣಂತನಕ್ಕೂ ಬರಂಗಿಲ್ಲವ್ವ. ಆ ಕೆಂಪು ಧೂಳಿನಾಗ ಕೂಸಿನ್ನ ಹೆಂಗ ಮಲಗಸ್ಲಿ?" ಎಂದು ಫೋನಿಟ್ಟೆ. ಮೊದಲ ಹೆರಿಗೆಗೆ ಮಗಳು ತವರಿಗೆ ಬರದಿದ್ದರೆ ಅವ್ವನಾದವಳು ಯಾಕಿರಬೇಕು? ಧೂಳು ಈಗ ಯಾರ ಮನೆಯಲ್ಲಿಲ್ಲ ಎಂದು ನನಗೂ ಸಿಟ್ಟು ಬಂತು.

ಆದರೂ ಬಸುರಿಯ ಬಯಕೆ ತವರಿನಿಂದಲೇ ತೀರಬೇಕಲ್ಲ. ಸರಿಯಾಗಿ ಬಂದರೆ ನಿಮ್ಮಪ್ಪನ ಕೈಯಲ್ಲಿ ಕೊಟ್ಟು ಗೋವಾ ಬಸ್ಸು ಹತ್ತಿಸೋಣ ಎಂದುಕೊಂಡೆ. ಅಂಗಡಿಯಿಂದ ಗ್ಲೂಕೋಸ್ ಬಿಸ್ಕತ್ತು ತಂದು, ಸಕ್ಕರೆ ಏಲಕ್ಕಿ ಬೆರೆಸಿದ ಮಾವಿನ ಹೋಳುಗಳ ಮೇಲೆ ಹೆಂಚು ಹೊದಿಸಿದ ಹಾಗೆ ಸಾಲಾಗಿ ಜೋಡಿಸಿದೆ. ಪಾತ್ರೆಯ ಕೆಳಗೆ ಕೆಂಡ, ಮುಚ್ಚಳದ ಮೇಲೂ ಕೆಂಡ. ತೆಗೆದು ನೋಡಿದರೆ ಬಿಸ್ಕತ್ತೆಲ್ಲ ಅಂಬಲಿ. "ಭರಮಿ, ನಿನ್ನ ಕಂಬಳಿ ತೋಯ್ದೈತಲೇ, ಬಿಸಿಲಿಗೆ ಒಣಗಹಾಕು" ಎಂದರು ನಿಮ್ಮಪ್ಪ. ಹಂಪಿಗೆ ಹೋಗಿ ನಿನ್ನ ಜೊತೆ ಅಡುಗೆ ಮಾಡುತ್ತಿದ್ದ ಹಾಲೇಶನನ್ನು ಕೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. "ಅಮ್ಮಾರ, ಅದು ಅಂಗಡಿ ಬಿಸ್ಕತ್ತಲ್ರೀ! ಅವರು ಬಿಸ್ಕತ್ತು ಅನ್ನೋದು ಮೆತ್ತನ ಹಿಟ್ಟಿನ ಬಿಲ್ಲೆಗೆ. ಮೈದಾಕ್ಕ ಬೆಣ್ಣಿ ತಿಕ್ಕಿ, ಸೋಡಾ, ಮಜ್ಜಿಗಿ ಹಾಕಿ ಜಲ್ದಿ ಕಲಸ್ರಿ. ಭಾಳ ನಾದಬ್ಯಾಡ್ರಿ."

ನನ್ನದು ರೊಟ್ಟಿ ಬಡಿದ ಕೈ, ನಾದದೆ ಬಿಡುವುದು ಎಷ್ಟು ಕಷ್ಟವಾಯಿತೋ. ಆದರೆ ಮುಚ್ಚಳ ತೆಗೆದಾಗ ಬಿಲ್ಲೆಗಳು ಉಬ್ಬಿ ಹೊಂಬಣ್ಣಕ್ಕೆ ತಿರುಗಿದ್ದವು, ಅಂಚಿನಲ್ಲಿ ಹಣ್ಣಿನ ರಸ ಕುದಿಯುತ್ತಿತ್ತು. ಪಕ್ಕದ ಮನೆಯ ಜಂಬವ್ವ ವಾಸನೆಗೇ ಎದ್ದು ಬಂದು, "ಬಸುರಿ ಗೋವಾದಾಗ, ಬಯಕಿ ಊಟ ಇಲ್ಲಿ! ಯಾರಿಗ ಮಾಡೀಯಬೇ, ನಿನಗೇನು?" ಎಂದಳು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಆರಲಿ ಎಂದು ಅದನ್ನು ಕಟ್ಟೆಯ ಮೇಲಿಟ್ಟು, ಮುಚ್ಚಲು ಬಟ್ಟೆ ತರುವಷ್ಟರಲ್ಲಿ ಅದಿರಿನ ಲಾರಿಗಳ ಸಾಲು ಹಾದುಹೋಯಿತು. ಬಂದು ನೋಡಿದರೆ ಮೇಲೆಲ್ಲ ಕೆಂಪು. ಸೆರಗಿನಿಂದ ಒರೆಸಿದೆ, ಒರೆಸಿದಷ್ಟೂ ಒಳಗಿಳಿಯಿತು. ದಿನಾ ಗುಡಿಸುವ ಧೂಳೇ ಸುಮಾ, ನಿನಗೆಂದು ಮಾಡಿದ್ದರ ಮೇಲೆ ಬಿದ್ದಾಗಲೇ ನನ್ನ ಕಣ್ಣಿಗೆ ಕಂಡದ್ದು. ಕೂಸನ್ನು ಹೇಗೆ ಮಲಗಿಸಲಿ ಎಂದು ನೀನು ಕೇಳಿದ್ದು ಸರಿಯೇ. ಮೇಲಿನದನ್ನು ತೆಗೆದುಹಾಕಿ, ಅಡಿಯ ಹಣ್ಣನ್ನು ನಿಮ್ಮಪ್ಪನಿಗೆ ಬಡಿಸಿದೆ. ಅವರು ಎರಡು ತುತ್ತು ತಿಂದು, ತಟ್ಟೆ ಸರಿಸಿ, ಎದ್ದು ಹೊರಗೆ ಹೋದರು.

ಭಾರ ಎತ್ತಬೇಡ. ಮೀನಿನ ವಾಸನೆಗೆ ವಾಕರಿಕೆ ಬಂದರೆ ನಿಂಬೆಹಣ್ಣು ಮೂಸು. ಅಳಿಯಂದಿರಿಗೂ ನಿಮ್ಮತ್ತೆಯವರಿಗೂ ನಮ್ಮಿಬ್ಬರ ಶರಣು ತಿಳಿಸು.

ನಿನ್ನ ಅವ್ವ,
ಭರಮಮ್ಮ

ತಾ.ಕ.: ಅವತ್ತು ನಿಮ್ಮಪ್ಪ ಎದ್ದು ಹೋದದ್ದು ಬುಕ್ಕಸಾಗರಕ್ಕೆ, ನಿನ್ನ ಸೋದರಮಾವ ಎರ್ರಿಯಪ್ಪನ ಮನೆಗೆ. ಗದ್ದೆ ಕಡೆಯ ಕೋಣೆಯನ್ನು ನಮಗೆ ಬಿಟ್ಟುಕೊಡುತ್ತಾನೆ. ಅಲ್ಲಿ ಅದಿರಿನ ಲಾರಿ ಓಡಾಡುವುದಿಲ್ಲ. ನಿಮ್ಮಪ್ಪ ಸುಣ್ಣ ಹಚ್ಚುತ್ತಿದ್ದಾರೆ. ನಾನು ಸೋಮವಾರ ಪಾತ್ರೆಪಡಗ ಕಟ್ಟಿಕೊಂಡು ಹೋಗುವವಳು, ಕೂಸಿನ ಕುತ್ತಿಗೆ ನಿಲ್ಲುವವರೆಗೆ ಅಲ್ಲೇ ಇರುತ್ತೇನೆ. ಸ್ವಂತ ಮನೆ ಬಿಟ್ಟು ಇದೆಂಥ ಬಾಣಂತನ ಎಂದು ಜನ ಆಡಿಕೊಂಡರೆ ಆಡಿಕೊಳ್ಳಲಿ. ಈಗಲಾದರೂ ಬರುತ್ತೀಯಾ? ಒಂದೇ ಸಾಲು ಸಾಕು, ಜಲ್ದಿ ಬರೆ. ಬುಕ್ಕಸಾಗರಕ್ಕೇ ಬರೆ, ಇಲ್ಲಿ ನಾನಿರುವುದಿಲ್ಲ.